ಮದುಮಗಳ ಉಗುರು, ನನ್ನ ಎಣ್ಣೆ

ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ನನ್ನ ತಂಗಿ ಅಳುತ್ತಿರಲಿಲ್ಲ, ನಾನೂ ಒಬ್ಬ ಮದುಮಗಳ ಕಿರುಬೆರಳಿಗೆ ಅಂಟಿಕೊಂಡು ನಮ್ಮೂರು ಕೋಗಿಲಿನ ಬೀದಿಯಲ್ಲಿ ಮೆರವಣಿಗೆ ಹೋಗುತ್ತಿರಲಿಲ್ಲ!

ತಂಗಿ ಆಶಾ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಉಗುರಿನ ಅಂಗಡಿ ಇಟ್ಟಿದ್ದಾಳೆ. ಪೌಡರನ್ನೂ ದ್ರವವನ್ನೂ ಕಲಸಿ, ಇದ್ದ ಉಗುರಿನ ಮೇಲೆ ಉದ್ದನೆಯ ಅಕ್ರಿಲಿಕ್ ಉಗುರು ಕಟ್ಟುತ್ತಾಳೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವಳು. ಆದರೂ ಅಲ್ಲಿ ನನಗೊಂದು ಹುದ್ದೆ ಇತ್ತು: ಬಂದವರ ಕೈ ತೊಳೆಸಿ, ಒರೆಸಿ ಕೂರಿಸುವುದು. ಇದಕ್ಕಿಂತ ದೊಡ್ಡ ಜವಾಬ್ದಾರಿಗೆ ನಾನು ಅರ್ಹಳು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಮೊದಲ ಮದುಮಗಳು ಬಂದಳು. ಹಳೇ ಊರಿನ ಗೌರಮ್ಮನವರ ಮಗಳು ಲಾವಣ್ಯ. ಅವರ ನೆಂಟರಲ್ಲಿ ಮದುವೆಗೆ ನಿಂತ ಹುಡುಗಿಯರು ಬೇಕಾದಷ್ಟು. ಈ ಕೆಲಸ ಚೆನ್ನಾಗಿ ಬಂದರೆ ಅಂಗಡಿ ನಿಂತಂತೆ. ಕೆಟ್ಟರೆ ಆಶಾ ಮತ್ತೆ ಯಲಹಂಕದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಮಡಚಬೇಕು.

ಲಾವಣ್ಯಳ ಕೈ ಮುಟ್ಟಿದೆ. ಒಣಗಿದ ತೆಂಗಿನಗರಿ! ಮದುಮಗಳ ಕೈ ಹೀಗಿದ್ದರಾದೀತೇ? ಆಶಾ ಫೋನಿನಲ್ಲಿದ್ದಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಪ್ರತಿ ಉಗುರಿನ ಬುಡಕ್ಕೂ ತಿಕ್ಕಿ, ಸೆರಗಿನಲ್ಲಿ ಒರೆಸಿ ಆಶಾಳ ಮುಂದೆ ಕೂರಿಸಿದೆ.

“ಕೈ ತೊಳ್ಸಿ ಒರ್ಸಿದೀಯಾ ಅಕ್ಕಾ?”

“ಹೆಂಗೆ ಪಳಪಳ ಅಂತಿದೆ ನೋಡೇ!” ಅಂದೆ. ಅದರಲ್ಲಿ ಸುಳ್ಳೇನಿರಲಿಲ್ಲ.

ಎರಡು ದಿನವಾಗಿರಲಿಲ್ಲ, ಗೌರಮ್ಮ ಬಾಗಿಲಲ್ಲಿದ್ದರು. “ಇದೇನವ್ವ ಇಂಗಾಯ್ತು? ಉಗುರೆಲ್ಲಾ ಬುಡದಲ್ಲಿ ಎದ್ದು ಕುಂತವೆ! ತಲೆ ಬಾಚಿದ್ರೆ ಕೂದ್ಲು ಸಿಕ್ಕಾಕ್ಕೊಳ್ತವೆ. ಭಾನ್ವಾರ ಧಾರೆ, ಎಲ್ರ ಕಣ್ಣೂ ಮಗೀನ ಕೈ ಮ್ಯಾಲೇ ಇರ್ತವೆ!”

ಆಶಾ ನನ್ನತ್ತ ತಿರುಗಿದಳು. “ಎಣ್ಣೆ ಪಸೆ ಒಂಚೂರಿದ್ರೂ ಅಕ್ರಿಲಿಕ್ ಹಿಡಿಯಲ್ಲ. ಆದ್ರೆ ನಾವು ಕೈ ತೊಳ್ಸಿದ್ವಲ್ಲ ಅಕ್ಕಾ?”

ಈಗ ಹೇಳಬೇಕಿತ್ತು. ನಾನು ಬಾಯಿ ತೆರೆದೆ. “ಪೌಡರ್ರೇ ಡೂಪ್ಲಿಕೇಟ್ ಇರ್ಬೇಕು ಕಣೇ!” ಎಂದುಬಿಟ್ಟೆ.

ಸಂಜೆ ಮಗಳನ್ನು ಕಳಿಸಿ ಎಂದು ಆಶಾ ಅವರನ್ನು ಒಪ್ಪಿಸಿ ಕಳಿಸಿದಳು. ಆಮೇಲೆ ಪೌಡರ್ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿ ಮೂಲೆಯಲ್ಲಿ ಕೂತು ಅತ್ತಳು. “ನಂಗೆ ಈ ಕೆಲ್ಸ ಬರಲ್ಲ ಅಕ್ಕಾ. ಬಟ್ಟೆ ಅಂಗಡಿಗೇ ಹೋಗ್ತೀನಿ.”

ನನ್ನ ಗಂಡ ಮುನಿರಾಜುಗೆ ಪಂಕ್ಚರ್ ಅಂಗಡಿ. ಊಟಕ್ಕೆ ಬಂದಾಗ ಗುಟ್ಟಾಗಿ ಎಲ್ಲವನ್ನೂ ಹೇಳಿದೆ. ಮುರಿದ ಮುದ್ದೆ ಅವರ ಕೈಯಲ್ಲೇ ಉಳಿಯಿತು.

“ಅಲ್ವೇ, ಪ್ಯಾಚ್ ಹಾಕೋ ಮುಂಚೆ ಯಾರಾದ್ರೂ ಟ್ಯೂಬಿಗೆ ಎಣ್ಣೆ ಸವರ್ತಾರಾ? ಹೋಗಿ ಅವಳ್ಗೆ ಹೇಳು!”

“ಹೇಳ್ತೀನಿ, ಮೊದ್ಲು ಸರಿ ಮಾಡ್ಬಿಟ್ಟು ಹೇಳ್ತೀನಿ” ಎಂದೆ. ಅವರ ಪೆಟ್ಟಿಗೆಯಿಂದ, ಥಟ್ಟನೆ ಹಿಡಿಯುವ ಅಂಟಿನ ಟ್ಯೂಬೊಂದನ್ನು ಎತ್ತಿಕೊಂಡು ಗೌರಮ್ಮನವರ ಮನೆಗೆ ನಡೆದೆ. ಆಶಾಳೇ ಕಳಿಸಿದ್ದಾಳೆಂದು ಇನ್ನೊಂದು ಸುಳ್ಳನ್ನೂ ಹೇಳಿದೆ. ಲಾವಣ್ಯಳ ಕಿರುಬೆರಳಿನ ಉಗುರಿನ ಸಂದಿಗೆ ಅಂಟು ಬಿಟ್ಟು ಹೆಬ್ಬೆರಳಿನಿಂದ ಭದ್ರವಾಗಿ ಒತ್ತಿ ಹಿಡಿದೆ. ಅಂಟು ತನ್ನ ಕರ್ತವ್ಯವನ್ನು ಅತ್ಯಂತ ಪ್ರಾಮಾಣಿಕವಾಗಿ ನೆರವೇರಿಸಿತು. ನನ್ನ ಹೆಬ್ಬೆರಳನ್ನೂ ಸೇರಿಸಿ!

“ಆಂಟಿ, ಕೈ ಬಿಡಿ.”

“ಬಿಡ್ತೀನಮ್ಮ.”

“ಬಿಡೀ ಆಂಟಿ!”

“ನಾನು ಬಿಟ್ಟಿದೀನಿ ಕಣಮ್ಮ. ಅದು ಬಿಡ್ತಿಲ್ಲ!”

ಗೌರಮ್ಮ ಹಣೆ ಚಚ್ಚಿಕೊಂಡರು. “ಬಾರವ್ವ, ಧಾರೆಗೆ ನೀನೂ ಇವಳ ಮಗ್ಗುಲಲ್ಲೇ ಕುಂತ್ಕೊಂಡ್ಬುಡು! ಗಂಡಿನ ಕಡೆಯೋರು ಒಂದಕ್ಕೆ ಇಬ್ಬರು ಅಂತ ಖುಸಿಪಡ್ಲಿ!”

ಜೋಡಿ ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಮೂವರೂ ಆಶಾಳ ಅಂಗಡಿಗೆ ಹೊರಟೆವು. ಹಾಲಿನ ಅಂಗಡಿಯವನು ಕೂಗಿದ: “ಏನಕ್ಕಾ, ಮದುಮಗಳನ್ನ ಈಗ್ಲೇ ಕೈ ಹಿಡ್ಕೊಂಡು ಕಳಿಸ್ಕೊಡ್ತಿದೀರಾ?” ನಾನು ನಕ್ಕೆ. ಲಾವಣ್ಯ ನಗಲಿಲ್ಲ.

ಆಶಾ ನಮ್ಮಿಬ್ಬರ ಬೆರಳನ್ನೂ ಅಂಟು ಕರಗಿಸುವ ಅಸಿಟೋನ್ ಬಟ್ಟಲಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಬಿಡುಗಡೆಯಾಯಿತು. ಆದರೆ ಲಾವಣ್ಯಳ ಆ ಉಗುರೂ ಕರಗಿ ಮೆತ್ತಗಾಗಿತ್ತು.

“ಕ್ಷಮಿಸಿ ಗೌರಮ್ಮಾ,” ಎಂದಳು ಆಶಾ, ತಲೆ ತಗ್ಗಿಸಿ. “ನನ್ನ ಕೈಕೆಲ್ಸಾನೇ ಸರಿ ಇಲ್ಲ. ಬೇರೆ ಕಡೆ ಕರ್ಕೊಂಡ್ಹೋಗಿ.”

ಅದನ್ನು ಕೇಳಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ. “ಎಣ್ಣೆ ಹಚ್ಚಿದ್ದು ನಾನು! ಕೈ ಒಣಗಿತ್ತು, ಪಾಪ ಅನ್ನಿಸ್ತು, ಒಂಚೂರೇ ಹಚ್ಚಿದ್ದು, ಒರೆಸಿದ್ನಲ್ಲ, ಪೌಡರ್‌ದೇನೂ ತಪ್ಪಿಲ್ಲ!” ಒಂದೇ ಉಸಿರಿಗೆ ಅಂದೆ.

ಗೌರಮ್ಮ ನನ್ನನ್ನು ನೋಡಿದರು, ತಂಗಿಯನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಂಗಾದ್ರೆ ಹುಡುಗಿ ಕೆಲ್ಸ ಸರಿಯಾಗೇ ಐತೆ! ನೀನೇ ಮಾಡವ್ವ. ನಮ್ಮಣ್ಣನ ಮಗಳ್ನೂ ಕಳಿಸ್ತೀನಿ. ಇವಳ್ನ ಮಾತ್ರ ದೂರ ಕೂರ್ಸು!”

ನಾನು ದೂರ ಕೂತೆ. ಆಶಾ ಡಬ್ಬಿಯನ್ನು ಬುಟ್ಟಿಯಿಂದ ಎತ್ತಿ ಒರೆಸಿದಳು. ಉಗುರುಗಳನ್ನು ಎಳೆದು ಕೀಳಲಿಲ್ಲ. ಎದ್ದಷ್ಟನ್ನೇ ನಿಧಾನವಾಗಿ ಅರದಲ್ಲಿ ಉಜ್ಜಿ ತೆಗೆದಳು. ಸಂದಿಗೆ ಅಂಟು ಬಿಟ್ಟರೆ ಒಳಗೆ ಸಿಕ್ಕಿದ ನೀರು ಉಗುರನ್ನೇ ಕೆಡಿಸುತ್ತದಂತೆ. ಆಮೇಲೆ ಪಸೆ ತೆಗೆದು, ಅಕ್ರಿಲಿಕ್ ಗಟ್ಟಿಯಾಗಿ ಹಿಡಿಯಲೆಂದು ಪ್ರೈಮರ್ ಹಚ್ಚಿ, ಚರ್ಮಕ್ಕೆ ತಾಗದಂತೆ ಹೊಸದಾಗಿ ಕಟ್ಟಿದಳು. ಲಾವಣ್ಯ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡು ಮೊದಲ ಸಲ ನಕ್ಕಳು.

ಅವರು ಹೋದ ಮೇಲೂ ಆಶಾ ನನ್ನತ್ತ ತಿರುಗಲಿಲ್ಲ.

“ಏನಾದ್ರೂ ಮಾತಾಡೇ.”

“ಏನ್ ಮಾತಾಡ್ಲಿ? ಕಾರಣ ಎಲ್ಲಾ ಹೇಳಿದ್ಯಲ್ಲ ಅಕ್ಕಾ. ಬರೀ ಕಾರಣ ಹೇಳ್ದೆ, ಹೇಳ್ಬೇಕಾದ ಇನ್ನೊಂದ್ಮಾತು ಹೇಳ್ಲಿಲ್ಲ.”

ನಮ್ಮ ವಂಶದಲ್ಲಿ ಅಕ್ಕನಾದವಳು ತಂಗಿಯ ಮುಂದೆ ತಗ್ಗಿದ ಇತಿಹಾಸವಿಲ್ಲ. ಗಂಟಲು ಸರಿಮಾಡಿಕೊಂಡೆ. ಸೆರಗು ಸರಿಮಾಡಿಕೊಂಡೆ. ಸರಿಮಾಡಿಕೊಳ್ಳಲು ಇನ್ನೇನೂ ಉಳಿಯಲಿಲ್ಲ.

“ತಪ್ಪಾಯ್ತು ಕಣೇ ಆಶಾ. ನೀನು ಅಳ್ತಿದ್ರೂ ಬಾಯಿ ಮುಚ್ಕೊಂಡು ನೋಡ್ತಿದ್ದೆ. ಕ್ಷಮಿಸ್ಬಿಡೇ.”