ಅಪಾಯ ಮಂಡಳಿಯವರೇ, ಒಮ್ಮೆ ಬಿಡ್ತು ಅನ್ನಿ

ರಾಜ್ಯ ವೈದ್ಯಕೀಯ ಅಪಾಯ ತಿಳಿವಳಿಕೆ ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೂ ಸದರಿ ಮಂಡಳಿಯ ಭಾಷಾಂತರ ಯಂತ್ರಕ್ಕೆ

ಮಾನ್ಯರೇ,

ನಮಗೆ ಪರದೇಶವೂ ತಮಗೆ ಸ್ವದೇಶವೂ ಆದ ಇಸ್ಸಾಕ್ವಾ ಊರಿನ ಗುಡ್ಡದ ಎರಡನೇ ತಿರುವಿನಿಂದ ತಮಗೆ ಅನಂತ ವಂದನೆಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು, ಕ್ಷೇಮದಿಂದ ಉಂಟಾಗಬಹುದಾದ ಅಡ್ಡಪರಿಣಾಮಗಳನ್ನು ತಮಗೆ ಯಾರೋ ಮುಂಚಿತವಾಗಿ ಓದಿ ಹೇಳಿದ್ದಾರೆಂದು ನಂಬಿದ್ದೇನೆ.

ಮೊದಲಿಗೆ ಒಂದು ಮಹತ್ವದ ಘೋಷಣೆ. ಕಳೆದ ಮಂಗಳವಾರ ಸಂಜೆ ನಮ್ಮ ಪಕ್ಕದ ಮನೆಯಲ್ಲಿ ಒಂದು ಸೂಜಿಗೆ ದಾರ ಪೋಣಿಸಲಾಯಿತು. ಹತ್ತಿರದ ಫ್ರೀಮಾಂಟ್ ಬಡಾವಣೆಯ ಕಚೇರಿಯಲ್ಲಿ ಕುಳಿತು ಅರ್ಧ ಜಗತ್ತಿನ ಕಡತಗಳನ್ನು ಮೋಡದಲ್ಲಿ ತೇಲಿಸುವ ಕಲ್ಮೇಶ್, ಸೇತುವೆಗಳು ಬೀಳದಂತೆ ಲೆಕ್ಕ ಹಾಕುವ ಆತನ ಹೆಂಡತಿ ಪೂರ್ಣಿಮಾ, ಮತ್ತು ಯಾವ ಲೆಕ್ಕಕ್ಕೂ ಇಲ್ಲದ ನಾನು, ಮೂವರೂ ಸೇರಿ, ದಾರದ ತುದಿಯನ್ನು ಸರದಿಯ ಮೇಲೆ ಎಂಜಲು ಮಾಡಿ, ಫೋನಿನ ಬೆಳಕು ಹಿಡಿದು, ಉಸಿರು ಬಿಗಿಹಿಡಿದು ಈ ಕಾರ್ಯವನ್ನು ಸಾಧಿಸಿದೆವು. ಪೂರ್ಣಿಮಾಳ ತಾಯಿ ಚನ್ನಬಸಮ್ಮನವರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಒಂದ್ ಸೂಜಿಗೆ ಮೂರ್ ಡಿಗ್ರಿ ಬೇಕಾದ್ವು. ಹಿಂಗಾದ್ರ ಕೌದಿ ಮುಗಿಯೂದ್ರಾಗ ಕೂಸಿನ ಲಗ್ನ ಬರತೈತಿ ನೋಡ್ರಿ" ಎಂದರು.

ಕೌದಿ ಎಂದರೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಹೊದಿಕೆ. ಪೂರ್ಣಿಮಾಳಿಗೆ ಬರುವ ತಿಂಗಳು ಹೆರಿಗೆ. ಕೂಸನ್ನು ಮೊದಲು ಮಲಗಿಸಬೇಕಾದದ್ದು ಅಜ್ಜಿಯ ಸೀರೆಯ ಕೌದಿಯ ಮೇಲೆ, ಅಂಗಡಿಯ ಹೊದಿಕೆಯ ಮೇಲೆ ಅಲ್ಲ, ಎಂಬುದು ಚನ್ನಬಸಮ್ಮನವರ ಮನೆತನದ ಕಾಯಿದೆ. ಅರ್ಧ ಕೌದಿ ಆಗಿದೆ. ಹೊಲಿಗೆ ಅವರ ಕೈಗೇ ಕಾಣುತ್ತದೆ, ಅದಕ್ಕೆ ಕಣ್ಣು ಬೇಡ. ಆದರೆ ಸೂಜಿಯ ಕಣ್ಣನ್ನು ಮನುಷ್ಯರ ಕಣ್ಣೇ ನೋಡಬೇಕು, ಅವರ ಕಣ್ಣಿಗೋ ಪೊರೆ ಬಂದಿದೆ. ದಾರ ಪೋಣಿಸಿಕೊಡುವ ಪುಟ್ಟ ಯಂತ್ರವೊಂದನ್ನು ಅಳಿಯ ತರಿಸಿಕೊಟ್ಟಿದ್ದ. ಪೊಟ್ಟಣದ ಮೇಲೆ 'ಕಣ್ಣಿಗೆ ಗಾಯವಾಗುವ ಅಪಾಯವಿದೆ' ಎಂದು ಬರೆದಿತ್ತು. ಅದನ್ನು ಓದಿಸಿ ಕೇಳಿದ ಅಮ್ಮ ಪೊಟ್ಟಣಕ್ಕೇ ಕೈಮುಗಿದು ಕಪಾಟಿನೊಳಗೆ ಕೂರಿಸಿದರು.

ಹಾಗಾಗಿ ಪೊರೆ ತೆಗೆಸುವುದೆಂದಾಯಿತು. ಅಲ್ಲಿ ತಮ್ಮ ದರ್ಶನವಾಯಿತು. ಪ್ರತಿಯೊಂದು ಅಪಾಯವನ್ನೂ ರೋಗಿಯ ಭಾಷೆಯಲ್ಲೇ ತಿಳಿಸಬೇಕು, ಮನೆಯವರು ಅನುವಾದಿಸಕೂಡದು, ಎಲ್ಲವೂ ಧ್ವನಿಮುದ್ರಣವಾಗಬೇಕು ಎಂಬ ತಮ್ಮ ನಿಯಮ ಎಷ್ಟು ಉದಾತ್ತವೆಂದರೆ, ಕಾರು ಓಡಿಸಿಕೊಂಡು ಹೋಗಿದ್ದ ನನಗೆ ಮೂಲೆಯಲ್ಲಿ ಕುಳಿತು ಕಣ್ಣೀರೇ ಬಂತು. ಫೋನಿನಲ್ಲಿ ಅನುಷಾ ಎಂಬ ದುಭಾಷಿ ಸಿಕ್ಕರು. ವೈದ್ಯೆ ಹೇಳಿದರು, ಅನುಷಾ "ಅಮ್ಮಾ, ಕಣ್ಣಿಗೆ ಸೋಂಕು ತಗುಲಬಹುದಂತೆ" ಎಂದರು, ಚನ್ನಬಸಮ್ಮನವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು "ಅಯ್ಯ, ಬಿಡ್ತು ಅನ್ರೀ ಡಾಕ್ಟ್ರ" ಎಂದರು.

ನಮ್ಮ ನಾಡಿನ ಕಡೆ ಕೆಟ್ಟ ಮಾತೊಂದು ಬಾಯಿಂದ ಹೊರಬಿದ್ದರೆ, ಆಡಿದವರೇ ಕೂಡಲೇ 'ಬಿಡ್ತು' ಎಂದು ಅದನ್ನು ಬಿಡಿಸಬೇಕು, ಇಲ್ಲದಿದ್ದರೆ ಅದು ಕೇಳಿದವರ ಹೆಗಲೇರಿ ಮನೆಗೆ ಬರುತ್ತದೆ. ಉರ್ದು ಆಡುವ ನಮ್ಮ ಮನೆಯಲ್ಲಿ ಈ ಕೆಲಸವನ್ನು 'ಖುದಾ ನ ಕರೇ', ಅಂದರೆ ದೇವರು ಹಾಗೆ ಮಾಡದಿರಲಿ ಎಂಬ ಮಾತು, ಮಾಡುತ್ತದೆ. ಮೈಸೂರಿನಲ್ಲಿ ಬೆಳೆದ ನಾನು ಎರಡನ್ನೂ ಹೇಳಿಬಿಡುತ್ತೇನೆ, ಎರಡೆರಡು ಇನ್ಶೂರೆನ್ಸ್ ಇದ್ದರೆ ನಷ್ಟವೇನು. ವೈದ್ಯೆ ಒಳ್ಳೆಯ ಮನೆಯ ಹುಡುಗಿ. ಅನುಷಾ ವಿವರಿಸಿದ್ದೇ ತಡ, ಗಂಭೀರವಾಗಿ "ಬಿಡ್ತೂ" ಎಂದಳು. ಅಲ್ಲಿಂದ ಮುಂದೆ ರಕ್ತಸ್ರಾವ, ಬಿಡ್ತೂ, ಊತ, ಬಿಡ್ತೂ, ಎರಡನೆಯ ಶಸ್ತ್ರಕ್ರಿಯೆ, ಬಿಡ್ತೂ. ಕೊನೆಗೆ ದೃಷ್ಟಿಯೇ ಹೋಗಬಹುದೆಂಬ ಅಪಾಯವನ್ನು ಅನುಷಾ ಹೇಳಬೇಕಾಗಿ ಬಂತು. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎಂದು, ಅಕ್ಕಿ ಮುಗಿಯಿತು ಎನ್ನದೆ ಹೆಚ್ಚಾಯಿತು ಎಂದು ಕಲಿತ ನಾಲಿಗೆ, ಹಿರಿಯರ ಮುಂದೆ ಆ ಮಾತು ಹೇಗೆ ಆಡೀತು? "ಅಮ್ಮಾ, ದೃಷ್ಟಿ… ದೊಡ್ಡದಾಗಬಹುದಂತೆ" ಎಂದರು. ಅಮ್ಮನಿಗೆ ಅರ್ಥವಾಯಿತು. "ಇದಕ್ ಎರಡ್ ಸಲ ಅನ್ರೀ" ಎಂದರು. ವೈದ್ಯೆ ಎರಡು ಸಲ ಅಂದಳು. ಅಮ್ಮ ಸಹಿ ಹಾಕಿದರು.

ಆಮೇಲೆ ತಮ್ಮ ಪರಿಶೀಲನಾ ವಿಭಾಗದ ನಿರ್ಣಯ ಬಂತು. ತಮ್ಮ ಭಾಷಾಂತರ ಯಂತ್ರವು ಧ್ವನಿಮುದ್ರಣವನ್ನು ಆಲಿಸಿ ಕಂಡುಕೊಂಡದ್ದೇನೆಂದರೆ: ವೈದ್ಯೆಯು ಪ್ರತಿಯೊಂದು ಅಪಾಯವನ್ನೂ ತಿಳಿಸಿದ ಮರುಕ್ಷಣವೇ ಅದು ತೊಲಗಿತೆಂದು ಘೋಷಿಸಿ ಹಿಂತೆಗೆದುಕೊಂಡಿದ್ದಾಳೆ, ಕೊನೆಯದನ್ನು ಎರಡು ಬಾರಿ ಹಿಂತೆಗೆದುಕೊಂಡಿದ್ದಾಳೆ, ಮೇಲಾಗಿ ರೋಗಿಯ ದೃಷ್ಟಿ ದೊಡ್ಡದಾಗುತ್ತದೆಂದು ಆಮಿಷ ಒಡ್ಡಲಾಗಿದೆ. ಆದ್ದರಿಂದ ಒಪ್ಪಿಗೆ ಅಸಿಂಧು, ಶಸ್ತ್ರಕ್ರಿಯೆ ಮುಂದಕ್ಕೆ, ವಸಂತದಲ್ಲಿ ಮರುವಿಚಾರಣೆ. ಕೂಸು ತಮ್ಮ ಸುತ್ತೋಲೆ ಓದಿಲ್ಲವಾಗಿ ಬರುವ ತಿಂಗಳೇ ಬರುತ್ತದೆ.

ಮಾನ್ಯರೇ, ಇದು ದೂರೆಂದು ದಯವಿಟ್ಟು ಭಾವಿಸಬೇಡಿ, ಇದು ಸ್ತೋತ್ರ. ತಾವಿಲ್ಲದ ಕಾಲದಲ್ಲಿ ನಮ್ಮ ಪೂರ್ವಜರು ಶುಂಠಿ ಕಷಾಯವನ್ನು ಯಾವ ಎಚ್ಚರಿಕೆಯೂ ಇಲ್ಲದೆ ಗಟಗಟ ಕುಡಿದು, ಪಾಪ, ಗುಣವಾಗಿಬಿಡುತ್ತಿದ್ದರು. ಈಗ ಟಿವಿಯಲ್ಲಿ ಮಾತ್ರೆಯ ಜಾಹೀರಾತು ಬಂದರೆ, ಹೂದೋಟದಲ್ಲಿ ಅಜ್ಜ ಅಜ್ಜಿ ನಗುನಗುತ್ತ ಸೈಕಲ್ ತುಳಿಯುವಾಗ ಹಿನ್ನೆಲೆಯ ಧ್ವನಿ ಎಷ್ಟು ಬಗೆಯಲ್ಲಿ ಸಾಯಬಹುದೆಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ. ಮಗಳು ಒಂದೊಂದನ್ನೂ ಕನ್ನಡದಲ್ಲಿ ಹೇಳಿದಂತೆ ಚನ್ನಬಸಮ್ಮನವರು ಸೋಫಾದಲ್ಲಿ ಕುಳಿತು ಟಿವಿಯವನ ಪರವಾಗಿ ತಾವೇ ಬಿಡ್ತು, ಬಿಡ್ತು, ಬಿಡ್ತು ಎನ್ನುತ್ತ ಆ ಧ್ವನಿಯ ಬೆನ್ನಿಗೇ ಓಡಿ, ಕೊನೆಯಲ್ಲಿ ಏದುಸಿರು ಬಿಡುತ್ತಾರೆ. ಈ ಏದುಸಿರು ಆ ಮಾತ್ರೆಯ ಅಡ್ಡಪರಿಣಾಮಗಳ ಸಾಲಿನಲ್ಲಿ ಇಲ್ಲ, ಸೇರಿಸಿಕೊಳ್ಳಬೇಕಾಗಿ ವಿನಂತಿ.

ಹಾಗೆಯೇ ತಮ್ಮ ಅಧಿಕಾರವ್ಯಾಪ್ತಿಯನ್ನು ವೈದ್ಯಕೀಯಕ್ಕಷ್ಟೇ ಸೀಮಿತಗೊಳಿಸಿರುವುದು ಮನುಕುಲಕ್ಕಾದ ಅನ್ಯಾಯ. ಹಾಲಿನಿಂದ ದೋಣಿಯವರೆಗೆ ಎಲ್ಲವನ್ನೂ ಮಾರುವ ನಮ್ಮೂರಿನ ದೊಡ್ಡ ಅಂಗಡಿಗೆ ಹಾಲು ತರಲು ಹೋದವರು ಹಾಲು ಮರೆತು ದೋಣಿ ಹೊತ್ತು ಬರುವ ಅಪಾಯವನ್ನು ಬಾಗಿಲಲ್ಲೇ ಓದಿ ಹೇಳಬೇಕು. ವುಡಿನ್‌ವಿಲ್‌ನ ದ್ರಾಕ್ಷಿತೋಟದ ವೈನ್ ಕೂಟಕ್ಕೆ ಆಫೀಸಿನವರ ಜೊತೆ ಹೋದ, ಕುಡಿಯದ ನನ್ನಂಥವಳು ಬರೀ ಆಲಿವ್ ತಿನ್ನುತ್ತ ಮೂರು ಗಂಟೆ ಮುಗುಳ್ನಗಬೇಕಾಗುತ್ತದೆಂದು ಮೊದಲೇ ತಿಳಿಸಿ ಸಹಿ ಪಡೆಯಬೇಕು. "ಒಂದೇ ಒಂದು ನಿಮಿಷ, ಒಂದು ಸಂಬಂಧ ಇದೆ" ಎಂದು ಫೋನ್ ಮಾಡುವ ಚಿಕ್ಕಮ್ಮಂದಿರಿಗೆ ಪ್ರತ್ಯೇಕ ಉಪಸಮಿತಿಯನ್ನೇ ನೇಮಿಸಬೇಕು. ಮತ್ತು ತಮ್ಮ ಮಂಡಳಿಯಲ್ಲಿ ಒಬ್ಬ ಬಿಡ್ತು ಅಧಿಕಾರಿಯ ಹುದ್ದೆಯನ್ನು ಸೃಷ್ಟಿಸಿ, ಪ್ರತಿ ಅಪಾಯದ ಕೆಳಗೆ ಆತ ಅದನ್ನು ಅಧಿಕೃತವಾಗಿ ಬಿಡಿಸಲು ಒಂದು ಸಾಲು ಖಾಲಿ ಇಡಬೇಕು.

ಒಂದು ಮಾತು ಮಾತ್ರ ನಗದೆ ಹೇಳುತ್ತೇನೆ, ತಾವೂ ನಗದೆ ಕೇಳಿ. ನಾನು ಹಲ್ಲು ಕೀಳಿಸಿಕೊಂಡಾಗ ಒಂದಕ್ಷರ ಓದದೆ, ಕೇಳದೆ ಬೆರಳಿನಿಂದ ಗೀಚಿ ಸಹಿ ಹಾಕಿದೆ. ತಮ್ಮ ಯಂತ್ರ ಅದನ್ನು ಸಂಪೂರ್ಣ ತಿಳಿವಳಿಕೆಯುಳ್ಳ ಒಪ್ಪಿಗೆ ಎಂದು ಎತ್ತಿಟ್ಟುಕೊಂಡಿತು. ಚನ್ನಬಸಮ್ಮನವರು ಒಂದೊಂದನ್ನೂ ಕೇಳಿದರು, ಒಂದೊಂದಕ್ಕೂ ಹೆದರಿದರು, ಹೆದರಿದ್ದಕ್ಕೇ ಬಿಡ್ತು ಅನ್ನಿಸಿದರು, ಅನ್ನಿಸಿ ಒಪ್ಪಿದರು. ತಮ್ಮ ಅಪಾಯಗಳನ್ನು ಕೊನೆಯವರೆಗೂ ಕೇಳಿಸಿಕೊಂಡ ಒಬ್ಬ ರೋಗಿ ತಮಗೆ ಸಿಕ್ಕಿದ್ದರು; ಅವರನ್ನೇ ತಾವು ಮನೆಗೆ ಕಳಿಸಿದಿರಿ. ಮರುವಿಚಾರಣೆಯನ್ನು ಈ ವಾರಕ್ಕೆ ಎಳೆದುಕೊಂಡರೆ, ಕೂಸಿಗಿಂತ ಮುಂಚೆ ಅಜ್ಜಿಯ ಕಣ್ಣು ತೆರೆದೀತು.

ತಮ್ಮ ದೀರ್ಘಾಯುಷ್ಯವನ್ನೂ, ಅದರ ಜೊತೆಗೆ ಬರಬಹುದಾದ ಮೊಣಕಾಲು ನೋವನ್ನೂ (ಬಿಡ್ತು) ಕೋರುವ,

ತಮ್ಮ ವಿಶ್ವಾಸಿ,
ನಬೀಲಾ

ತಾ.ಕ.: ವಿಚಾರಣೆ ಮುಂದಕ್ಕೆ ಬರುವುದು ಸಾಧ್ಯವಿಲ್ಲವೆಂದಾದರೆ, ಸಹಿ ಹಾಕುವುದಕ್ಕಾಗಿಯೇ ಚೆನ್ನಾಗಿ ಉಳಿಸಿಕೊಂಡಿರುವ ತಮ್ಮ ಕಣ್ಣುಗಳೊಂದಿಗೆ ತಾವೇ ಒಮ್ಮೆ ಈ ಗುಡ್ಡ ಹತ್ತಿ ಬಂದು, ಒಂದು ಡಜನ್ ಸೂಜಿಗಳಿಗೆ ದಾರ ಪೋಣಿಸಿ, ಅಮ್ಮನ ಸೂಜಿಮೆತ್ತೆಗೆ ಚುಚ್ಚಿಟ್ಟು ಹೋಗಬೇಕಾಗಿ ಕೋರಿಕೆ, ಇದನ್ನು ಓದುತ್ತಿರುವ ಯಾರೇ ಈ ಕಡೆ ಬಂದರೂ ಆದೀತು. ಒಂದೇ ಅಪಾಯವಿದೆ, ಮೊದಲೇ ತಿಳಿಸಿಬಿಡುತ್ತೇನೆ: ಹೊರಡುವಾಗ 'ಹೋಗ್ತೀನಿ' ಎಂದರೆ ಅಮ್ಮ ಮತ್ತೆ ಕೂರಿಸಿ ಇನ್ನೊಂದು ಸುತ್ತು ಚಹಾ ಕುಡಿಸದೆ ಬಿಡುವುದಿಲ್ಲ. 'ಬರ್ತೀನಿ' ಅನ್ನಿ.