ವಂದನಾರ್ಪಣೆ ಮತ್ತು ಎರಡು ಬಕೆಟ್ ನೀರು

ಧನ್ಯವಾದ ಹೇಳುವುದರಲ್ಲಿ ಗೇಬ್ರಿಯಲ್ ಮಿನೇಜಸ್‌ನನ್ನು ಮೀರಿಸುವವರು ಇಡೀ ದುಬೈಯಲ್ಲಿ ಇರಲಿಲ್ಲ. (ಇದು ಬೇರೆ ಯಾರೂ ಹೇಳಿದ್ದಲ್ಲ, ಅವನೇ ಹೇಳಿಕೊಂಡದ್ದು.) ಊರಿನವರ ಸಂಘದ ವಾರ್ಷಿಕೋತ್ಸವದಲ್ಲಿ ಹನ್ನೊಂದು ವರ್ಷಗಳಿಂದ ವಂದನಾರ್ಪಣೆ ಅವನದೇ. ಹಸಿದ ಸಭಿಕರೆಲ್ಲ ಬಿರಿಯಾನಿಯ ವಾಸನೆ ಬರುವ ಕಡೆಗೆ ಕತ್ತು ತಿರುಗಿಸಿ ಕೂತಿದ್ದರೂ ಬಿಡದೆ, ಪ್ರಾಯೋಜಕರಿಂದ ಹಿಡಿದು ಮೈಕಿನ ವಯರು ಸಿಕ್ಕಿಸಿದವನವರೆಗೆ ಒಬ್ಬೊಬ್ಬರನ್ನೂ ‘ಹೃತ್ಪೂರ್ವಕವಾಗಿ’ ನೆನೆಯುತ್ತಿದ್ದ. ಈ ವರ್ಷ ಮಾತ್ರ ಅಧ್ಯಕ್ಷ ಡ್ಯಾರಲ್ ಒಂದು ಕೊಕ್ಕೆ ಹಾಕಿದ್ದ. “ಗ್ಯಾಬಿ, ಒಂದೇ ಒಂದು ಹೆಸರು ಬಿಟ್ಟುಹೋದ್ರೂ ಮುಂದಿನ ವರ್ಷ ಬೇರೆಯವರು, ಖಲಾಸ್.” ಶನಿವಾರ ಸಂಜೆಯ ಸಭೆಗಾಗಿ ಗೇಬ್ರಿಯಲ್ ಒಂದು ವಾರದಿಂದ ಮೂವತ್ತೇಳು ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದ.

ಇಂಥ ಕೃತಜ್ಞತಾ ಸಾಮ್ರಾಟನ ಮನೆಗೇ ಥ್ಯಾಂಕ್ಸ್ ಎಂಬ ಮಾತು ಗೊತ್ತಿಲ್ಲದ ಇಬ್ಬರು ಮಕ್ಕಳು ಬಂದಿಳಿಯಬೇಕೆ! ಹೆಂಡತಿ ಪ್ಯಾಟ್ರಿಶಿಯಾಳ ಅಣ್ಣನ ಮಕ್ಕಳು, ಹನ್ನೆರಡರ ಟ್ರೆವರ್ ಮತ್ತು ಒಂಬತ್ತರ ಸ್ಟೇಸಿ, ಮೇ ತಿಂಗಳ ರಜೆಗೆಂದು ಮಂಗಳೂರಿನಿಂದ ಸಿಲಿಕಾನ್ ಓಯಸಿಸ್ ಬಡಾವಣೆಯ ಏಳನೇ ಮಹಡಿಯ ಈ ಫ್ಲ್ಯಾಟಿಗೆ ಬಂದಿದ್ದರು.

“ಅಂಕಲ್, ವೈಫೈ ಸ್ಲೋ ಉಂಟು.”

“ಅಂಕಲ್, ನಿನ್ನೆಯೂ ಇದೇ ಮಾಲ್‌ಗೆ ಅಲ್ವಾ ಬಂದದ್ದು?”

ಗೇಬ್ರಿಯಲ್‌ನ ಪಿತ್ತ ನೆತ್ತಿಗೇರಿತು. “ನೋಡು ಪ್ಯಾಟ್, ನಿನ್ನ ಕಡೆಯ ಮಕ್ಕಳಿಗೆ ಸಿಕ್ಕಿದ್ದರ ಬೆಲೆಯೇ ಗೊತ್ತಿಲ್ಲ.”

“ನಿನಗೆ ಗೊತ್ತುಂಟಾ?” ಎಂದು ಕೇಳಿ ಪ್ಯಾಟ್ರಿಶಿಯಾ ಅವನ ಅಂಗಿಗೆ ಇಸ್ತ್ರಿ ಹಾಕುವುದನ್ನು ಮುಂದುವರಿಸಿದಳು. ಆಸ್ಪತ್ರೆಯ ಕೌಂಟರಿನಲ್ಲಿ ಎಂಟು ಗಂಟೆ ದುಡಿದು ಬಂದವಳು ಅವಳು.

ಆ ಪ್ರಶ್ನೆ ಗೇಬ್ರಿಯಲ್‌ನ ಕಿವಿಗೆ ಬೀಳಲೇ ಇಲ್ಲ. ಏಕೆಂದರೆ ಅಷ್ಟರಲ್ಲಿ ಅವನ ತಲೆಯಲ್ಲಿ ಒಂದು ಮಹಾ ಯೋಜನೆ ಉದಯಿಸಿತ್ತು. ಖಾಲಿ ಬಿಸ್ಕತ್ತಿನ ಡಬ್ಬಿಗೆ ಚೀಟಿಗಳನ್ನು ಹಾಕುವುದು, ಒಂದೊಂದು ಚೀಟಿಯಲ್ಲಿ ಮನೆಯವರೆಲ್ಲ ಒಂದೊಂದು ಸೌಭಾಗ್ಯ ಬರೆಯುವುದು, ದಿನಾ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಒಂದನ್ನು ಎತ್ತುವುದು. ಎತ್ತಿದ ಕ್ಷಣದಿಂದ ಮರುದಿನ ಸಂಜೆಯವರೆಗೆ ಮನೆಯಲ್ಲಿ ಅದು ಬಂದ್. ಕಳೆದುಕೊಂಡಾಗ ಮಕ್ಕಳು ತಾವಾಗಿಯೇ ಅದರ ಬೆಲೆ ತಿಳಿಯುತ್ತಾರೆ! ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಮೊದಲ ದಿನ ವೈಫೈ ಬಂದಾಯಿತು. ಮಕ್ಕಳು ನೆಲದ ಮೇಲೆ ಕೇರಂ ಬೋರ್ಡು ಹರಡಿ ಕುಣಿದಾಡಿದರು. ಕ್ರಿಕೆಟ್ ಮ್ಯಾಚು ತಪ್ಪಿಸಿಕೊಂಡ ಗೇಬ್ರಿಯಲ್ ಮೂರು ಸಲ ಬಾಲ್ಕನಿಗೆ ಹೋಗಿ ಪಕ್ಕದ ಮನೆಯ ಟಿವಿಗೆ ಕಿವಿಗೊಟ್ಟ. ಎರಡನೆಯ ದಿನ ಲಿಫ್ಟು. ಮಕ್ಕಳು ಏಳು ಮಹಡಿಯನ್ನು ರೇಸಿನಲ್ಲಿ ಹತ್ತಿ ಮುಗಿಸಿದಾಗ ಅವನು ನಾಲ್ಕನೆಯ ಮಹಡಿಯ ಮೆಟ್ಟಿಲಲ್ಲಿ ಕೂತು ಯಾರದೋ ಶೂ ಸ್ಟ್ಯಾಂಡಿಗೆ ಒರಗಿದ್ದ. ಆದರೂ ಬಿಟ್ಟುಕೊಡುವ ಜಾತಿಯವನಲ್ಲ. “ಪಾಠ ನಿಧಾನವಾಗಿ ಇಳೀತದೆ” ಎಂದ.

ಶುಕ್ರವಾರ ಸಂಜೆ ಚೀಟಿ ಎತ್ತುವ ಸರದಿ ಸ್ಟೇಸಿಯದು. ಅವಳು ಚೀಟಿ ಬಿಡಿಸಿ ದೊಡ್ಡ ದನಿಯಲ್ಲಿ ಓದಿದಳು. “ಆಂಟಿ!”

“ಇದನ್ನು ಯಾರು ಬರೆದದ್ದು?” ಎಂದು ಗೇಬ್ರಿಯಲ್ ಕೇಳಿದ.

“ನಾನೇ,” ಎಂದ ಟ್ರೆವರ್. “ವೈಫೈ, ಲಿಫ್ಟು ಇಲ್ಲದೆಯೂ ನಮಗೆ ಆಗ್ತದೆ ಅಂಕಲ್, ಊರಲ್ಲಿ ಕರೆಂಟೇ ಹೋಗ್ತದೆ. ಆಂಟಿ ಇಲ್ಲದಿದ್ರೆ ಮಾತ್ರ ಯಾರಿಗೂ ಆಗುದಿಲ್ಲ. ರೂಲ್ ಈಸ್ ರೂಲ್.”

“ಅದೆಂತ ಮಾತು! ನಾಳೆ ನನ್ನ ವಂದನಾರ್ಪಣೆ ಉಂಟು ಮಾರಾಯ!”

ಪ್ಯಾಟ್ರಿಶಿಯಾ ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಮಡಚಿ ಗಂಡನ ಹೆಗಲ ಮೇಲಿಟ್ಟಳು, ಸೋಫಾದ ಮೇಲೆ ಕಾಲು ಚಾಚಿದಳು, ಕಣ್ಣು ಮುಚ್ಚಿದಳು. ಹದಿನಾಲ್ಕು ವರ್ಷಗಳ ಸಂಸಾರದಲ್ಲಿ ಗೇಬ್ರಿಯಲ್ ಅವಳನ್ನು ಆ ಭಂಗಿಯಲ್ಲಿ ನೋಡಿದ್ದೇ ಇಲ್ಲ.

ಶನಿವಾರ ಬೆಳಗ್ಗೆ ಮಕ್ಕಳಿಗೆ ಬ್ರೆಡ್ಡು ಸುಡಲು ಹೋಗಿ ಅದನ್ನು ಅಕ್ಷರಶಃ ಸುಟ್ಟ. ಅಂಗಿಗೆ ತಾನೇ ಇಸ್ತ್ರಿ ಹಾಕಿದ, ಹಾಕಿದ ಮೇಲೆ ಸುಕ್ಕು ಇನ್ನೂ ಹೆಚ್ಚಾಯಿತು. ಹೋಗಲಿ, ಒಳ್ಳೆಯ ಸ್ನಾನವನ್ನಾದರೂ ಮಾಡೋಣವೆಂದು ಮೂವತ್ತೇಳು ಹೆಸರುಗಳನ್ನು ಗುನುಗುತ್ತಾ ಬಚ್ಚಲಿಗೆ ನುಗ್ಗಿದ. ಪ್ರತಿದಿನ ತಣ್ಣೀರು ತುಂಬಿಕೊಂಡು ಕಾಯುತ್ತಿದ್ದ ಎರಡು ಬಕೆಟ್‌ಗಳೂ ಖಾಲಿ! ಪರವಾಗಿಲ್ಲವೆಂದು ಶವರ್ ಕೆಳಗೆ ಬೆನ್ನು ಕೊಟ್ಟು ನಲ್ಲಿ ತಿರುಗಿಸಿದ.

ಆಗ ಅವನು ಹೊರಡಿಸಿದ ಸ್ವರ ಕೇಳಿ ಎದುರು ಫ್ಲ್ಯಾಟಿನವರು ಬಾಗಿಲು ತೆರೆದರಂತೆ.

“ಪ್ಯಾಟ್! ಹೀಟರ್ ಆಫ್ ಮಾಡು ಅಂತ ಎಷ್ಟು ಸಲ ಹೇಳ್ಬೇಕು ನಿನಗೆ!”

“ಹೀಟರ್ ಆಫ್ ಮಾಡಿ ತಿಂಗಳಾಯ್ತು,” ಸೋಫಾದಿಂದಲೇ ಉತ್ತರ ಬಂತು. “ನಾನಿವತ್ತು ಬಂದ್. ಏನಿದ್ರೂ ನಾತೂರ್‌ನ ಹತ್ರ ಕೇಳು.”

ಟವೆಲು ಸುತ್ತಿಕೊಂಡೇ ಗೇಬ್ರಿಯಲ್ ಕಟ್ಟಡದ ಕಾವಲುಗಾರ, ಅಂದರೆ ಇಲ್ಲಿಯವರ ಬಾಯಲ್ಲಿ ನಾತೂರ್, ಅಲಿಯಬ್ಬನಿಗೆ ಫೋನು ಮಾಡಿದ. “ಅಲಿಯಬ್ಬಾಕ, ಎಂತ ಇದು? ನಮ್ಮ ಬಿಲ್ಡಿಂಗಿಗೆ ಬೇಸಿಗೆಯಲ್ಲೂ ತಣ್ಣೀರೇ ಬರುದಲ್ವಾ?”

“ಯಾರು ಹೇಳಿದ್ದು ಸಾರ್? ಟಾಂಕಿ ಇರುದು ಟೆರೇಸಲ್ಲಿ, ಬಿಸಿಲಿಗೆ. ಎಲ್ಲರ ಮನೆಗೂ ಕುದಿಯುವ ನೀರೇ. ರಾತ್ರಿ ಬಕೆಟಲ್ಲಿ ತುಂಬಿಸಿ ಇಟ್ರೆ ಬೆಳಿಗ್ಗೆಗೆ ತಣ್ಣಗಾಗ್ತದೆ, ಎಲ್ಲರೂ ಹಾಗೆಯೇ ಮಾಡುದು.” ಅಲಿಯಬ್ಬನೇ ತಿರುಗಿ ಕೇಳಿದ. “ಅಲ್ಲ ಸಾರ್, ತಣ್ಣೀರು ಕೊಟ್ಟದ್ದಕ್ಕೆ ಅಂತ ನೀವು ಪ್ರತಿ ಪೆರ್ನಾಳ್ ಹಬ್ಬಕ್ಕೆ ನನಗೆ ಖರ್ಜೂರದ ಡಬ್ಬಿ ಕೊಡ್ತೀರಲ್ಲ, ಅದು ತಮಾಷೆಗೆ ಅಲ್ವಾ?”

ಗೇಬ್ರಿಯಲ್ ಫೋನು ಕೆಳಗಿಟ್ಟ. ಬಾಗಿಲಲ್ಲಿ ಟ್ರೆವರ್ ಮತ್ತು ಸ್ಟೇಸಿ ನಿಂತಿದ್ದರು.

“ನಿಮಗೆ ಗೊತ್ತಿತ್ತಾ?”

“ನಾವು ದಿನಾ ಊಟ ಆದ ಮೇಲೆ ಆಂಟಿಯ ಜೊತೆ ತುಂಬಿಸುದಲ್ವಾ,” ಎಂದಳು ಸ್ಟೇಸಿ. “ಒಂದು ನಿಮಗೆ, ಒಂದು ನಮಗೆ. ಆಂಟಿಗೆ ಮಾತ್ರ ಬಿಸಿನೀರೇ. ಅದಕ್ಕೆ ನಾವು ಅವರಿಗೆ ಡೇಲಿ ಥ್ಯಾಂಕ್ಸ್ ಹೇಳ್ತೇವೆ.”

ಗೇಬ್ರಿಯಲ್‌ಗೆ ಮೊದಲು ಬೆನ್ನು ಉರಿಯಿತು, ಆಮೇಲೆ ಮುಖ. ಹದಿನಾಲ್ಕು ಬೇಸಿಗೆಗಳಲ್ಲಿ ಕಚೇರಿಯವರೆದುರು ತನ್ನ ಬಿಲ್ಡಿಂಗಿನ ನೀರಿನ ಗುಣಗಾನ ಮಾಡಿದ್ದು, ಸಿಂಕಿನ ನೀರು ಬಿಸಿಯಾದಾಗಲೆಲ್ಲ ಹೀಟರಿನ ನೆಪದಲ್ಲಿ ಅವಳನ್ನು ಗದರಿದ್ದು, ಎಲ್ಲ ಒಟ್ಟಿಗೆ ನೆನಪಾಗಿ ತುಂಬ ನಾಚಿಕೆಯಾಯಿತು. ಹೇಳಬೇಕಾದ್ದನ್ನು ಅಲ್ಲೇ ಸೋಫಾದ ಹತ್ತಿರ ಹೋಗಿ ಹೇಳಬಹುದಿತ್ತು. ಆದರೆ ಮೈಕಿಲ್ಲದೆ ಥ್ಯಾಂಕ್ಸ್ ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ.

ಸಂಜೆ ಸುಕ್ಕು ಅಂಗಿಯಲ್ಲೇ ವೇದಿಕೆ ಹತ್ತಿದ. ಅಂಗಿ ತಾಗಿದಲ್ಲೆಲ್ಲ ಬೆನ್ನು ಚುರುಚುರು ಎನ್ನುತ್ತಿತ್ತು. “ಮಾನ್ಯ ಅಧ್ಯಕ್ಷರೇ” ಎಂದು ಶುರುಮಾಡಿ, ಮೂರನೆಯ ಸಾಲಿನಲ್ಲಿ ಮಕ್ಕಳ ಮಧ್ಯೆ ಕೂತ ಪ್ಯಾಟ್ರಿಶಿಯಾಳನ್ನು ನೋಡಿದ. ಅಷ್ಟೇ, ಮೂವತ್ತೇಳು ಹೆಸರುಗಳೂ ಒಂದೇ ಬಾರಿಗೆ ತಲೆಯಿಂದ ಇಳಿದುಹೋದವು.

“ಇವತ್ತು ನಾನು ಒಬ್ಬರಿಗೆ ಮಾತ್ರ ಧನ್ಯವಾದ ಹೇಳ್ತೇನೆ,” ಎಂದ. ಬಕೆಟ್, ಶವರ್, ಖರ್ಜೂರ, ಯಾವುದನ್ನೂ ಬಿಡದೆ ಹೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ. “ಪ್ಯಾಟ್, ಹದಿನಾಲ್ಕು ವರ್ಷ ತಡವಾಯ್ತು. ಥ್ಯಾಂಕ್ಸ್,” ಎಂದು ಮೈಕು ಕೆಳಗಿಟ್ಟ. ಪ್ಯಾಟ್ರಿಶಿಯಾ ಸ್ಟೇಸಿಯ ಕೈಯಿಂದ ಟಿಶ್ಯೂ ಕಿತ್ತುಕೊಂಡಳು.

ಕೆಳಗಿಳಿದಾಗ ಡ್ಯಾರಲ್ ಕಾಯುತ್ತಿದ್ದ. “ಭಾಷಣ ಭಾರೀ ಲಾಯ್ಕಾಯ್ತು ಗ್ಯಾಬಿ. ಆದ್ರೆ ಮುಖ್ಯ ಅತಿಥಿಯನ್ನು ಬಿಟ್ಟೆ, ಪ್ರಾಯೋಜಕರನ್ನು ಬಿಟ್ಟೆ, ನನ್ನನ್ನೂ ಬಿಟ್ಟೆ. ಮುಂದಿನ ವರ್ಷದ ವಂದನಾರ್ಪಣೆ ಪ್ಯಾಟ್ರಿಶಿಯಾದ್ದು. ಹೆಂಗಸರೆಲ್ಲ ಸೇರಿ ಈಗಷ್ಟೇ ತೀರ್ಮಾನ ಮಾಡಿದ್ರು.”

ಹನ್ನೊಂದು ವರ್ಷದ ಸಾಮ್ರಾಜ್ಯ ಹೋದದ್ದಕ್ಕೆ ದುಃಖವಾದರೂ ಗೇಬ್ರಿಯಲ್ ಮನೆಗೆ ಬಂದವನೇ ಪ್ಯಾಂಟು ಮಡಚಿ, ಹೀಟರಿನ ಸ್ವಿಚ್ಚನ್ನು ಎರಡೆರಡು ಸಲ ನೋಡಿ, ಎರಡು ಬಕೆಟ್‌ಗಳನ್ನೂ ಅಂಚಿನವರೆಗೆ ತುಂಬಿಸಿಟ್ಟ. ನಾಳೆ ಉರಿವ ಬೆನ್ನಿಗೆ ತಣ್ಣೀರು ಎಂದು ನೆನೆಯುತ್ತಲೇ ನಿದ್ದೆ ಹೋದ.

ಬೆಳಗ್ಗೆ ಟವೆಲು ಹೊತ್ತು ಬಂದರೆ ಬಚ್ಚಲಿನ ಬಾಗಿಲು ಒಳಗಿನಿಂದ ಹಾಕಿತ್ತು. ಚೊಂಬು ಚೊಂಬಾಗಿ ನೀರು ಸುರಿಯುವ ಸದ್ದು, ನಡುನಡುವೆ ಗಂಭೀರ ಸ್ವರದಲ್ಲಿ ಪ್ಯಾಟ್ರಿಶಿಯಾಳ ಅಭ್ಯಾಸ ನಡೆದಿತ್ತು.

“ಮಾನ್ಯ ಅಧ್ಯಕ್ಷರೇ, ಈ ಎರಡೂ ಬಕೆಟ್ ತಣ್ಣೀರಿನ ಪ್ರಾಯೋಜಕರಾದ ಶ್ರೀಮಾನ್ ಗೇಬ್ರಿಯಲ್ ಅವರಿಗೆ...” ಕೊನೆಯ ಚೊಂಬು ಖಾಲಿ ಬಕೆಟ್ಟಿನ ತಳ ಕೆರೆದ ಸದ್ದು ಕೇಳಿಸಿತು. “...ಹೃತ್ಪೂರ್ವಕ ಧನ್ಯವಾದಗಳು!”