ಅದು ಹಾಲು ಕುಡಿಯಿತೇ?

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಬಂದ ದಾರಿ ಹಿಡಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅವಳು ಸ್ತ್ರೀಲಿಂಗದಿಂದ ನಪುಂಸಕಲಿಂಗಕ್ಕೆ ಇಳಿದಿದ್ದಳು.

ಇದು ಗೊತ್ತಾದದ್ದು ಕಣ್ಣು ಬಿಡುವುದಕ್ಕೂ ಮೊದಲೇ. ಹಾಲ್‌ನಲ್ಲಿ ಯಾರೋ ಪಿಸುಗುಡುತ್ತಿದ್ದರು.

"ಅದು ಎದ್ದಿದೆಯಾ?"

"ಇನ್ನೂ ಇಲ್ಲ. ರಾತ್ರಿ ಏನೂ ತಿನ್ನದೇನೇ ಮಲಗ್ತು."

"ಪಾಪ, ಅದಕ್ಕೇನು ಗೊತ್ತಾಗುತ್ತೆ!"

ಬೆಕ್ಕಿನ ವಿಷಯವಿರಬೇಕು ಎಂದುಕೊಂಡಳು. ಮನೆಯಲ್ಲಿ ಬೆಕ್ಕಿಲ್ಲ ಎಂಬುದು ಆಮೇಲೆ ನೆನಪಾಯಿತು.

ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡುತ್ತಾಳೆ. ಮಕ್ಕಳನ್ನು 'ಅದು' ಎನ್ನುವುದು ನಮ್ಮ ವಾಡಿಕೆ, ಹಲ್ಲು ಬಂದು, ಮಾತು ಬಂದು, ಎದುರುಮಾತು ಬಂದ ಮೇಲೂ ಕೆಲವರಿಗೆ ಬಡ್ತಿ ಸಿಗುವುದಿಲ್ಲ ಎಂದು ತರಗತಿಯಲ್ಲಿ ಅವಳೇ ಹೇಳಿದ್ದಳು. ಆದರೆ ಒಮ್ಮೆ ಬಡ್ತಿ ಪಡೆದವರನ್ನು ಮತ್ತೆ ಕೆಳಗಿಳಿಸಬಹುದು ಎಂದು ಯಾವ ಸೂತ್ರದಲ್ಲೂ ಓದಿದ ನೆನಪಿರಲಿಲ್ಲ.

ಅವಳಿಗೋಸ್ಕರ ಹಿಂದೆ ಉಳಿದಿದ್ದ ಗಂಡನ ಅಕ್ಕ ದೊಡ್ಡ ಲೋಟದ ತುಂಬ ಹಾಲು ಹಿಡಿದು ಒಳಗೆ ಬಂದರು. ಎಲ್ಲರಿಗೂ ಅವರು ದೊಡ್ಡಕ್ಕ.

"ಎಲ್ಲಿ ಪುಟ್ಟಾ, ಒಂದೇ ಗುಟುಕಿಗೆ ಕುಡಿದುಬಿಡು ನೋಡೋಣ. ನಮ್ಮ ಜಾಣೆ ಅಲ್ವಾ?"

ಲೋಟದ ಮೇಲೆ ಕೆನೆ ಒದ್ದೆ ಕರವಸ್ತ್ರದ ಹಾಗೆ ಹರಡಿಕೊಂಡಿತ್ತು. ಅವಳು ಏಳನೇ ವಯಸ್ಸಿನಲ್ಲಿ ಹಾಲು ಬಿಟ್ಟವಳು. "ಆಮೇಲೆ ಕುಡೀತೀನಿ" ಎಂದು ಲೋಟ ಹಿಡಿದು ಅಡುಗೆಮನೆಗೆ ಹೋದಳು. ದೊಡ್ಡಕ್ಕ ಬೆನ್ನು ತಿರುಗಿಸಿದ ಕೂಡಲೇ ಸಿಂಕಿಗೆ ಸುರಿದಳು. ಲೋಟವನ್ನು ತುಟಿಗೆ ಒತ್ತಿ ಬಿಳಿ ಮೀಸೆ ಮಾಡಿಕೊಂಡು ಬರುವಷ್ಟು ಬುದ್ಧಿಯೂ ಅವಳಿಗಿತ್ತು.

ಒಂಬತ್ತು ಗಂಟೆಗೆ ಕೆಳಮನೆಯ ರಿಟೈರ್ಡ್ ಹೆಡ್‌ಮೇಡಂ ಬಂದರು, ಹಾಲಿನ ಸಮೇತ. ಹೋದ ವಾರದವರೆಗೆ "ಮೇಡಂ, ನೀವು" ಎನ್ನುತ್ತಿದ್ದವರು ಈಗ ಅವಳ ಗಲ್ಲ ಹಿಡಿದು "ಹಾಲು ಕುಡಿದ್ರೆ ಶಕ್ತಿ ಬರುತ್ತೆ ಕಂದಾ" ಎಂದರು. ಸಿಂಕಿಗೆ ಎರಡನೇ ಲೋಟ. ಹತ್ತು ಗಂಟೆಗೆ ಮೇಲ್ಮನೆಯ ಕಾಂಪೌಂಡರ್ ಯಾವುದೋ ಕಂದು ಪೌಡರ್ ಕದಡಿದ ಹಾಲು ತಂದರು. ಅದೂ ಅಲ್ಲಿಗೇ ಹೋಯಿತು.

ಆಮೇಲೆ ಮೂವರೂ ಅವಳನ್ನು ನಡುವೆ ಕೂರಿಸಿಕೊಂಡು, ಅವಳ ತಲೆಯ ಮೇಲಿಂದ ಮಾತಿಗೆ ಶುರು ಮಾಡಿದರು.

"ನಾಲ್ಕು ಗಂಟೆ ಬಸ್ಸಿಗೆ ನನ್ನ ಜೊತೇಲೇ ಕರ್ಕೊಂಡು ಹೋಗ್ತೀನಿ" ಎಂದರು ದೊಡ್ಡಕ್ಕ. "ಇನ್ಮೇಲೆ ನಮ್ಮನೇಲೇ ಇರ್ಲಿ. ಮಗೂ ಥರ ನೋಡ್ಕೋತೀನಿ. ಬಟ್ಟೆ ತುಂಬಿ ಆಯ್ತು."

"ಒಳ್ಳೇದಾಯ್ತು. ಅದನ್ನ ಒಂಟಿ ಬಿಡೋ ಹಾಗಿಲ್ಲ" ಎಂದರು ಹೆಡ್‌ಮೇಡಂ.

"ಮೊದಲೇ ಅದಕ್ಕೆ ರಕ್ತ ಕಮ್ಮಿ" ಎಂದರು ಕಾಂಪೌಂಡರ್.

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಡನ ಚಪ್ಪಲಿ, ಅವನು ಕಳಚಿ ಬಿಟ್ಟ ಹಾಗೇ, ಒಂದರ ಮೇಲೊಂದು ಹತ್ತಿ ಕೂತಿತ್ತು. ಅದನ್ನು ದಿನಾ ಸರಿಮಾಡಿ ಬೈಯುವುದು ಅವಳ ಕೆಲಸವಾಗಿತ್ತು. ಈ ಮನೆ ಬಿಟ್ಟು ಹೋಗುವುದಿಲ್ಲ ಎಂಬ ಒಂದು ಸಂಗತಿ ಬಿಟ್ಟರೆ ಬೇರೇನೂ ಅವಳಿಗೆ ಸ್ಪಷ್ಟವಿರಲಿಲ್ಲ.

"ನಾನು ಎಲ್ಲಿಗೂ ಬರಲ್ಲ ದೊಡ್ಡಕ್ಕ. ಇಲ್ಲೇ ಇರ್ತೀನಿ."

ಮೂವರೂ ಮುಖ ಮುಖ ನೋಡಿಕೊಂಡರು. ಹೆಡ್‌ಮೇಡಂ ಕಣ್ಣಲ್ಲಿ ನೀರು ತುಂಬಿತು.

"ನೋಡಿದ್ರಾ, ಎಷ್ಟು ಚೆನ್ನಾಗಿ ಮಾತಾಡ್ತು!"

ಅಷ್ಟರಲ್ಲಿ ಹೆಡ್‌ಮೇಡಂ ಮೊಮ್ಮಗಳು ಬಾಗಿಲಲ್ಲಿ ಬಂದು ನಿಂತಿತು. ಅಲ್ಲ, ನಿಂತಳು. ವಯಸ್ಸು ಏಳು. ಕಟ್ಟಡದ ಸುದ್ದಿಯನ್ನೆಲ್ಲ ಮನೆಯಿಂದ ಮನೆಗೆ ಮುಟ್ಟಿಸುತ್ತಿದ್ದಳಾದ್ದರಿಂದ ಟಪಾಲು ಎಂದು ಹೆಸರು.

"ಆಂಟಿ, ಅಂಕಲ್ ವಿಷಯ ಸ್ವಲ್ಪ..."

"ಶ್!" ಎಂದರು ಮೂವರೂ.

"ಅಂಕಲ್ ಊರಿಗೆ ಹೋಗಿದ್ದಾರೆ ಕಣೇ" ಎಂದರು ಹೆಡ್‌ಮೇಡಂ. "ಹೋಗಿ, ಇಬ್ರೂ ಒಳಗೆ ಆಡ್ಕೊಳ್ಳಿ. ದೊಡ್ಡೋರು ಮಾತಾಡ್ಬೇಕು."

ಇಬ್ಬರೂ ಎಂದರೆ ಯಾರು ಯಾರು ಎಂದು ಅವಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಎದ್ದು ಟಪಾಲಿನ ಹಿಂದೆ ಅಡುಗೆಮನೆಗೆ ನಡೆದಳು.

"ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು" ಎಂದಳು ಟಪಾಲು. "ಈಗ ನಿಮಗೆ ಟೈಮ್ ಇದೆಯಾ?"

ಬೆಳಗಿನಿಂದ ಅವಳನ್ನು ಏನನ್ನಾದರೂ ಕೇಳಿದವರು ಇವಳೊಬ್ಬಳೇ. "ಇದೆ. ಹೇಳಿ" ಎಂದಳು.

"ಅಂಕಲ್ ಸತ್ತೋಗಿದ್ದಾರೆ ಅಂತ ನಂಗೆ ಗೊತ್ತು. ಅಜ್ಜಿಗೆ ಹೇಳ್ಬೇಡಿ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಾರೆ." ಫ್ರಾಕಿನ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು. "ಇದು ಅಂಕಲ್ ಕೊಟ್ಟಿದ್ದು."

ಸರ್ವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಗಂಡನ ಗುಂಡು ಅಕ್ಷರ. 'ಸ್ಕಿಪ್ಪಿಂಗ್ ಹಗ್ಗ, ಒಂದು. ಎರಡು ದಿನಗಳ ಮಟ್ಟಿಗೆ ಪಡೆದಿದ್ದೇನೆ. ನಾನು ಮನೆಯಲ್ಲಿ ಇಲ್ಲದಿದ್ದ ಪಕ್ಷದಲ್ಲಿ ನನ್ನ ಹೆಂಡತಿಯನ್ನು ಕೇಳತಕ್ಕದ್ದು.' ಕೆಳಗೆ ರುಜು. ತಾರೀಖು ಎಂಟು ತಿಂಗಳ ಹಿಂದಿನದು.

ಅವಳು ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಅವರಿಲ್ವಲ್ಲ. ಅದಕ್ಕೇ ನಿಮ್ಮನ್ನ ಕೇಳ್ತಿದೀನಿ."

"ಸರಿಯಾಗೇ ಕೇಳಿದ್ದೀರಿ."

ಹಗ್ಗ ಸಿಂಕಿನ ಕೆಳಗಿತ್ತು. ನೀರು ಹೋಗುವ ಪೈಪು ಕಳಚಿಕೊಂಡಾಗ ಅವನು "ಎರಡೇ ದಿನ, ಹೊಸದು ತರ್ತೀನಿ" ಎಂದು ಅದನ್ನು ಹಗ್ಗದಿಂದ ಎತ್ತಿ ಗೋಡೆಯ ಮೊಳೆಗೆ ಬಿಗಿದಿದ್ದ. ಪೈಪು ಒಂಟೆಯ ಕುತ್ತಿಗೆಯ ಹಾಗೆ ಡೊಂಕಾಗಿತ್ತು. ನೀರು ಮನಸ್ಸು ಬಂದಾಗ ಹೋಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವನು ಹಾಕಿದ ಗಂಟುಗಳು ಏಳು.

"ಕೆಳಗೆ ಬಕೆಟ್ ಇಡ್ಬೇಕಾ?" ಎಂದು ಟಪಾಲು ಕೇಳಿದಳು.

"ಏನೂ ಬೇಡ" ಎಂದಳು ಎಂ.ಎ. ಪಾಸಾದವಳು.

ಏಳನೇ ಗಂಟು ಬಿಚ್ಚಿತು. ಪೈಪು ತಲೆ ಬಾಗಿಸಿತು. ಬೆಳಗಿನಿಂದ ಡೊಂಕಿನಲ್ಲಿ ತಡೆದು ನಿಂತಿದ್ದ ಮೂರು ಲೋಟ ಹಾಲು ಭಳಕ್ಕನೆ ಹೊರಗೆ ಬಂದು, ನೆಲದ ಇಳಿಜಾರನ್ನು ತಾನೇ ಹುಡುಕಿಕೊಂಡು ಹಾಲ್ ಕಡೆಗೆ ಹೊರಟಿತು.

"ಒಳಗೇನ್ರೇ ಗಲಾಟೆ?" ಎನ್ನುತ್ತ ಎದ್ದು ಬಂದ ಕಾಂಪೌಂಡರ್ ಹೊಸ್ತಿಲಲ್ಲಿ ಜಾರಿ, ಉಪ್ಪಿನ ಮೂಟೆಯಂತೆ ಕೂತರು. ಅವರನ್ನು ದಾಟಿ ಬಂದ ಹೆಡ್‌ಮೇಡಂ ಒಂದು ಮಾತೂ ಕೇಳದೆ ಮೊಮ್ಮಗಳ ಕಿವಿ ಹಿಡಿದರು.

"ಏನ್ ಮಾಡ್ದೆ? ಹೇಳು, ಏನ್ ಮಾಡ್ದೆ?"

ಟಪಾಲು ತುಟಿ ಕಚ್ಚಿಕೊಂಡಳು. ನೆಲದ ಮೇಲಿನ ಬಿಳುಪನ್ನು ನೋಡಿದಳು, ಆಂಟಿಯನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ.

"ಅವಳ ಕಿವಿ ಬಿಡಿ" ಎಂದಳು ಅವಳು. "ಸಿಂಕಿಗೆ ಹಾಲು ಸುರಿದದ್ದು ನಾನು. ಮೂರು ಲೋಟಾನೂ."

ಹೆಡ್‌ಮೇಡಂ ಕಿವಿ ಬಿಟ್ಟರು.

"ನನ್ನ ಪೌಡರ್ ಹಾಕಿದ್ದೂ?" ಎಂದರು ಕೂತಲ್ಲಿಂದಲೇ ಕಾಂಪೌಂಡರ್.

"ಅದನ್ನ ಇನ್ನೂ ಬೇಗ."

ದೊಡ್ಡಕ್ಕ ಹಣೆ ಹಿಡಿದುಕೊಂಡರು. "ನೋಡಿ, ನಾನು ಹೇಳ್ಲಿಲ್ವಾ? ಒಂದು ಲೋಟ ಹಾಲು ಕುಡಿಯೋಕೆ ಬರಲ್ಲ, ಇನ್ನು ಒಂದು ಮನೆ ನೋಡ್ಕೊಳ್ಳುತ್ತಾ ಇದು? ಮೂರೂವರೆಗೇ ಹೊರಡೋಣ."

ಆಗ ಅವಳು ಹಿಂದಿನ ಬೆಂಚಿಗೂ ಕೇಳುವ ಧ್ವನಿ ತೆಗೆದಳು. "ಬರಲ್ಲ ಅಂದೆ. ಮನೆ ನಂದು, ಪೈಪು ನಂದು, ಹಾಲು ಚೆಲ್ಲಿದ ತಪ್ಪೂ ನಂದು. ನೆಲ ನಾನೇ ಒರೆಸ್ತೀನಿ. ದಯವಿಟ್ಟು ಎಲ್ಲರೂ ಕಾಲು ಎತ್ತಿ."

ಕಾಂಪೌಂಡರ್ ಕೂಡ ಎತ್ತಿದರು.

ಹಾಲ್‌ನಲ್ಲಿ ಮತ್ತೊಮ್ಮೆ ದೊಡ್ಡವರ ಸಭೆ ಸೇರಿತು. ಪಿಸುಮಾತು ಅರ್ಧ ಗಂಟೆ ನಡೆಯಿತು. ಕೊನೆಗೆ ಹೆಡ್‌ಮೇಡಂ ತೀರ್ಪು ಹೇಳಿದರು. ಹಟ ಮಾಡಿದರೆ ಬಲವಂತ ಮಾಡಬಾರದು, ಇಲ್ಲೇ ಇರಲಿ. ಆದರೆ ಒಂಟಿಯಾಗಿ ಬೇಡ. ಸ್ವಲ್ಪ ದಿನ ಟಪಾಲು ಜೊತೆಗಿರಲಿ.

ಅವಳು ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಎಷ್ಟೋ ದಿನದ ಮೇಲೆ, ನಕ್ಕಳು. ಗೆದ್ದಿದ್ದಳು. ಈ ಕಟ್ಟಡದಲ್ಲಿ ತನ್ನನ್ನು 'ನೀವು' ಎನ್ನುವ ಏಕೈಕ ವ್ಯಕ್ತಿಯನ್ನೇ ಜೊತೆಗೆ ಕೊಟ್ಟಿದ್ದರು!

ನಾಲ್ಕರ ಬಸ್ಸಿಗೆ ದೊಡ್ಡಕ್ಕ ಒಬ್ಬರೇ ಹೊರಟರು. ಹೊರಡುವ ಮುಂಚೆ ಮೆಟ್ಟಿಲ ಮೇಲೆ ಟಪಾಲನ್ನು ನಿಲ್ಲಿಸಿಕೊಂಡು ಅವಳ ಕಿವಿಯಲ್ಲಿ ಬಹಳ ಹೊತ್ತು ಏನೇನೋ ಹೇಳಿದರು. ಟಪಾಲು ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

ಸಂಜೆಯ ಹೊತ್ತಿಗೆ ಅವಳು ಹಗ್ಗವನ್ನು ಸೋಪು ಹಾಕಿ ತೊಳೆದು, ಕಿಟಕಿಯಲ್ಲಿ ಒಣಗಿಸಿ, ನೀಟಾಗಿ ಸುತ್ತಿ ತಂದಳು. ಏಳು ಗಂಟಿದ್ದ ಕಡೆ ಏಳು ಸುಕ್ಕು ಹಾಗೇ ಉಳಿದಿತ್ತು.

"ತಗೊಳ್ಳಿ, ನಿಮ್ಮ ಹಗ್ಗ."

ಟಪಾಲು ಕೈ ಚಾಚಲಿಲ್ಲ. ಅವಳ ಕೈಯಲ್ಲಿ ಲೋಟವಿತ್ತು. ಇನ್ನೊಂದು ಕೈ ಸೊಂಟದ ಮೇಲಿತ್ತು.

"ಮೊದ್ಲು ಇದು" ಎಂದಳು. "ಸಿಂಕಿನ ಹತ್ರ ಹೋಗೋ ಹಾಗಿಲ್ಲ. ನನ್ನ ಮುಂದೇನೇ ಕುಡೀಬೇಕು."

"ಟಪಾಲೂ... ನೀವೂನಾ?"

"ಎಲ್ಲಿ ಪುಟ್ಟಾ, ಒಂದೇ ಗುಟುಕಿಗೆ. ನೀನು ನಮ್ಮ ಜಾಣೆ ಅಲ್ವಾ?"

ಕೆನೆಯ ಸಮೇತ ಕುಡಿದಳು. ಟಪಾಲು ಫ್ರಾಕಿನ ಅಂಚಿನಿಂದ ಅವಳ ತುಟಿ ಒರೆಸಿ, ಹಗ್ಗ ಇಸಿದುಕೊಂಡು, ಉದ್ದ ಅಳೆದು ನೋಡಿ, ಜೇಬಿನಿಂದ ಚೀಟಿ ತೆಗೆದು ಅವಳ ಅಂಗೈಯಲ್ಲಿಟ್ಟಳು. ಅವಳು ಅದನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು.

ಟಪಾಲು ಆಗಲೇ ಕಿಟಕಿಗೆ ಓಡಿ, ಕಂಬಿಗೆ ಮುಖವಿಟ್ಟು, ಕಟ್ಟಡಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದಳು:

"ಅಜ್ಜೀ, ಅದು ಹಾಲೂ ಕುಡೀತು, ಹಗ್ಗಾನೂ ವಾಪಸ್ ಕೊಡ್ತು!"